ಹಿಂದೆ ನಿಂತವಳು

ಪೈಪಿನಲ್ಲಿ ನೀರು ಇದ್ದಕ್ಕಿದ್ದಂತೆ ನಿಂತುಹೋಯಿತು. ಅರ್ಧ ತೊಳೆದ ಸ್ಕೂಟರಿನ ಚಕ್ರದಿಂದ ಸೋಪಿನ ನೊರೆ ಇಳಿಯುತ್ತಿತ್ತು. ನಲ್ಲಿಗೆ ಏನೋ ಆಗಿರಬೇಕೆಂದು ಪೈಪಕ್ಕ ತಿರುಗಿ ನೋಡಿದಳು. ನಲ್ಲಿಗೆ ಏನೂ ಆಗಿರಲಿಲ್ಲ. ಮ್ಯಾನೇಜರ್ ಇಸ್ತ್ರಿ ಬೂಟಿನಲ್ಲಿ ಪೈಪನ್ನು ತುಳಿದು ನಿಂತಿದ್ದ.

"ಕೂಗಿ ಕೂಗಿ ಗಂಟಲು ಹರಿದೋಯ್ತು. ಕಿವಿಗೇನು ಬಿರಡೆ ಜಡ್ಕೊಂಡಿದ್ಯೇನೇ?"

ಅಂಗಳದ ಮ್ಯಾನೇಜರನಿಗೆ ಇಸ್ತ್ರಿ ಎಂದು ಹೆಸರಿಟ್ಟವರು ಸ್ಕೂಟರು ಓಡಿಸುವ ಹುಡುಗರು. ಇಷ್ಟು ಕೆಸರಿನ ನಡುವೆಯೂ ಅವನ ಶರಟಿನ ಗೆರೆ ಮುರಿಯುತ್ತಿರಲಿಲ್ಲ. ಸ್ಕೂಟರು ತೊಳೆಯುವ ಅವಳನ್ನು ಪೈಪಕ್ಕ ಮಾಡಿದವರೂ ಅವರೇ. ಅವಳ ಸ್ವಂತ ಹೆಸರು ಕರೆಯುವವರು ಅಂಗಳದಲ್ಲಿ ಯಾರೂ ಇರಲಿಲ್ಲ.

ಅವನು ಕಾಲು ತೆಗೆಯುವ ತನಕ ಅವಳಿಗೆ ಕೆಲಸವಿಲ್ಲ, ಕೆಲಸ ನಿಂತಿತೆಂದು ಆಮೇಲೆ ಬಯ್ಯುವವನೂ ಅವನೇ. ಇಲ್ಲೇ ಗಾಡಿ ಓಡಿಸುತ್ತಿದ್ದ ಅವಳ ತಮ್ಮನ ಅಪಘಾತದ ವಿಚಾರಣೆಗೆ ವಿಮೆ ಕಂಪನಿಯ ಸಾಹೇಬರು ಇವತ್ತೇ ಬರುತ್ತಾರೆಂದು ಅವನು ಹೇಳಿದ. ಅವರು ಕೇಳಿದರೆ ಏನು ಹೇಳಬೇಕೆಂಬುದನ್ನು ಮಗುವಿಗೆ ಪಾಠ ಒಪ್ಪಿಸಲು ಕಲಿಸುವವನಂತೆ ಇನ್ನೊಮ್ಮೆ ಹೇಳಿಕೊಟ್ಟ. ತಮ್ಮನ ಗಾಡಿ ಗೇಟು ದಾಟುವಾಗ ಬ್ರೇಕ್ ದೀಪ ಚೆನ್ನಾಗಿ ಹತ್ತುತ್ತಿತ್ತು, ತೊಳೆದ ಮೇಲೆ ನಾನೇ ನೋಡಿ ಕಳಿಸಿದೆ. ಇಷ್ಟೇ. ಇದಕ್ಕಿಂತ ಒಂದಕ್ಷರ ಹೆಚ್ಚಾದರೆ ನಾಳೆಯಿಂದ ಬೇರೆಲ್ಲಾದರೂ ಪೈಪು ಹುಡುಕಿಕೊಳ್ಳಬಹುದು.

"ನಿನ್ನ ತಮ್ಮನ ಮೇಲೆ ನಂಗೇನು ದ್ವೇಷ ಇಲ್ಲ. ಆದ್ರೆ ಅವನು ಮಲಗಿದಾನೆ, ನೀನು ನಿಂತಿದೀಯ. ನಿಂತಿರೋಳು ನಿಂತೇ ಇರೋ ಹಾಗೆ ನೋಡ್ಕೋ."

ಅವನು ಬೂಟು ತೆಗೆದ. ತಡೆದಿದ್ದ ನೀರು ಒಮ್ಮೆಲೇ ನುಗ್ಗಿ ಅವಳ ಮುಖಕ್ಕೇ ಹೊಡೆಯಿತು. ಅವನು ನಗುತ್ತ ಆಫೀಸಿನ ಕಡೆ ನಡೆದ. ಪೈಪಕ್ಕ ಮೊಣಕೈಯಿಂದ ಮುಖ ಒರೆಸಿಕೊಂಡು ಮುಂದಿನ ಗಾಡಿಗೆ ಕೈ ಹಾಕಿದಳು.

ಗಾಡಿಗಳ ಸಾಲಿನ ಹಿಂದೆ ಮಗಳು ನಿಂತಿದ್ದಳು. ಶಾಲೆಯ ಚೀಲ ಬೆನ್ನಿಗಿತ್ತು. ಎಲ್ಲವನ್ನೂ ನೋಡಿದ್ದಳು, ಏನೂ ಮಾತಾಡಲಿಲ್ಲ. ಬೆಳಿಗ್ಗೆ ಜಡೆ ಹಾಕುವಾಗಲೂ ಹೀಗೆಯೇ. ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಿದ್ದಳು. ಏನು ಪುಟ್ಟಿ ಎಂದು ಕೇಳಬೇಕಿತ್ತು. ಪೈಪಕ್ಕ ಕೇಳದೆ ಜಡೆಯನ್ನು ಇನ್ನಷ್ಟು ಬಿಗಿಯಾಗಿ ಹೆಣೆದಿದ್ದಳು. ಮಗು ಏನು ಕೇಳುತ್ತದೆಂದು ಅವಳಿಗೆ ಗೊತ್ತಿತ್ತು.

ಅದು ಮನೆಮನೆಗೆ ಸಾಮಾನು ತಲುಪಿಸುವ ಕಂಪನಿಯ ಅಂಗಳ. ಬ್ಯಾಟರಿ ಸ್ಕೂಟರುಗಳು ರಾತ್ರಿಯೆಲ್ಲ ಚಾರ್ಜಿಗೆ ನಿಂತಿರುತ್ತವೆ. ಬೆಳಿಗ್ಗೆ ಅವನ್ನು ತೊಳೆದು, ಬ್ರೇಕ್ ಹಿಡಿದು, ಹಿಂದಿನ ಕೆಂಪು ದೀಪ ಹತ್ತುತ್ತದೋ ಇಲ್ಲವೋ ನೋಡಿ ಕಳಿಸಬೇಕು. ಬ್ರೇಕ್ ಹಿಡಿದವರಿಗೆ ಬೆನ್ನ ಹಿಂದಿನ ದೀಪ ಕಾಣುವುದಿಲ್ಲ. ಹಿಂದೆ ಇನ್ನೊಬ್ಬರು ನಿಲ್ಲಬೇಕು. ಆ ಇನ್ನೊಬ್ಬರಿಗೆ ಸಂಬಳ ಕೊಡುವ ಯೋಚನೆ ಕಂಪನಿಗೆ ಬಂದಿರಲಿಲ್ಲ. ಹಾಗಾಗಿ ಶಾಲೆಯ ಗಂಟೆ ಹೊಡೆಯುವ ತನಕ ಮಗಳು ನಿಲ್ಲುತ್ತಿದ್ದಳು. ದೀಪ ಹತ್ತಿದರೆ "ಹೂಂ" ಎನ್ನುವಳು. ಹತ್ತದಿದ್ದರೆ ಮೊದಮೊದಲು "ಇಲ್ಲ" ಎನ್ನುತ್ತಿದ್ದಳು. ಬೆಳಬೆಳಿಗ್ಗೆ ಇಲ್ಲ ಇಲ್ಲ ಎಂದು ಬಾಯಿ ಬಡಿದುಕೊಳ್ಳುತ್ತದೆ ಅಪಶಕುನದ ಪಿಂಡ ಎಂದು ಇಸ್ತ್ರಿ ರೇಗಿದ ಮೇಲೆ ಅದನ್ನು ಬಿಟ್ಟಳು. ಅಂದಿನಿಂದ ಅವಳು ಸುಮ್ಮನಿದ್ದರೆ ದೀಪ ಇಲ್ಲವೆಂದೇ ಅರ್ಥ.

ಕೆಲವು ತಿಂಗಳಿಂದ ಮಗಳು ಸುಮ್ಮನೆಯೇ ಇದ್ದಳು.

ಬ್ರೇಕಿನ ಹಿಡಿಯೊಳಗೆ ಪುಟ್ಟ ಸ್ವಿಚ್ಚೊಂದಿದೆ. ಹಿಡಿ ಅದುಮಿದಾಗ ಅದು ಹಿಂದಿನ ದೀಪ ಹತ್ತಿಸುತ್ತದೆ, ಮೋಟಾರಿನ ಓಟವನ್ನೂ ತಡೆಯುತ್ತದೆ. ನೀರು ಹೊಕ್ಕರೆ ಸ್ವಿಚ್ಚು ಅಂಟಿಕೊಳ್ಳುತ್ತದೆ. ಆಗ ಯಾರೂ ಬ್ರೇಕ್ ಹಿಡಿಯದಿದ್ದರೂ ದೀಪ ಉರಿಯುತ್ತಲೇ ಇರುತ್ತದೆ, ಎಕ್ಸಿಲೇಟರ್ ಎಷ್ಟು ತಿರುವಿದರೂ ಗಾಡಿ ಜಪ್ಪಯ್ಯ ಎನ್ನುವುದಿಲ್ಲ. ಹೊತ್ತು ಮೀರುತ್ತಿದೆಯೆಂದು ಹುಡುಗರು ಕಿರುಚಾಡುತ್ತಾರೆ. ಹೊಸ ಸ್ವಿಚ್ಚು ಹಾಕಿಸುವ ಬದಲು ಇಸ್ತ್ರಿ ಒಂದು ದಿನ ಗಾಡಿಯ ಮುಂದಿನ ಮುಚ್ಚಳ ತೆಗೆಸಿ, ಒಳಗಿದ್ದ ಆ ಸ್ವಿಚ್ಚಿನ ಬಿಳಿ ಪ್ಲಗ್ಗನ್ನು ಕಿತ್ತು ತೋರಿಸಿದ್ದ. ಗಾಡಿ ಕುದುರೆಯ ಹಾಗೆ ಓಡಿತು.

"ದೀಪ ನೋಡೋನು ಹಿಂದಿರೋನು. ಅದಿಲ್ದೆ ಇದ್ರೆ ನಮ್ಮ ಗಂಟೇನು ಹೋಯ್ತು?"

ಹುಡುಗರೂ ನಕ್ಕಿದ್ದರು. ಪೈಪಕ್ಕನೂ ನಕ್ಕಿದ್ದಳೋ ಏನೋ, ಈಗ ನೆನಪಾಗುವುದಿಲ್ಲ. ಆಮೇಲಿನಿಂದ ಕೆಟ್ಟ ಗಾಡಿ, ಒಳ್ಳೆಯ ಗಾಡಿ ಎಂದಿಲ್ಲದೆ ತೊಳೆದದ್ದರ ಪ್ಲಗ್ಗೆಲ್ಲ ಕೀಳುವುದು ಅವಳ ಕೆಲಸವಾಯಿತು. ಪ್ಲಗ್ಗು ಕಿತ್ತ ಮೇಲೆ ದೀಪ ಹತ್ತುವ ಮಾತೇ ಇಲ್ಲ. ಆದರೂ ಬ್ರೇಕ್ ಹಿಡಿದು ನೋಡುವ ಶಾಸ್ತ್ರ ನಿಲ್ಲಬಾರದೆಂದು ಇಸ್ತ್ರಿಯ ಅಪ್ಪಣೆ. ಗೋಡೆಯ ಮೇಲಿನ ಕ್ಯಾಮೆರಾಕ್ಕೆ ಅದು ಕಾಣಬೇಕಿತ್ತು. ಹಾಗಾಗಿ ದಿನಾ ಬೆಳಿಗ್ಗೆ ತಾಯಿ ಹಿಡಿ ಅದುಮುತ್ತಿದ್ದಳು, ಮಗಳು ಕಪ್ಪು ದೀಪದ ಹಿಂದೆ ತುಟಿ ಬಿಗಿದು ನಿಲ್ಲುತ್ತಿದ್ದಳು, ಇಬ್ಬರೂ ಮುಂದಿನ ಗಾಡಿಗೆ ಸರಿಯುತ್ತಿದ್ದರು.

ಅಪಘಾತದ ದಿನವೂ ಹಾಗೆಯೇ ಆಯಿತು. ಸ್ವಿಚ್ಚು ಅಂಟಿಕೊಂಡು ತಮ್ಮನ ಗಾಡಿ ನಿಂತಿತ್ತು. ಬೇಗ ಕೀಳಕ್ಕ ಎಂದು ಅವನೇ ಅವಸರ ಮಾಡಿದ. ಅವಳು ಕಿತ್ತಳು. ಅವನು ಸೀಟಿನ ಮೇಲೆ ಕೂತು, ಕ್ಯಾಮೆರಾದ ಕಡೆ ಹಲ್ಲು ಕಿರಿದು ಬ್ರೇಕ್ ಹಿಡಿದ. ತಿರುಗಿ ಹಿಂದೆ ನಿಂತಿದ್ದ ಅಕ್ಕನ ಮಗಳನ್ನು ನೋಡಿದ. ಅವಳು ಸುಮ್ಮನಿದ್ದಳು. ಮೂಗಿ, ಸುಮ್ಮನೆ ಒಂದ್ಸಲ ಹೂಂ ಅಂದ್ಬಿಡೇ ಎಂದು ಚುಡಾಯಿಸಿದ. ಅವಳು ಅನ್ನಲಿಲ್ಲ. ಅವನು ನಗುತ್ತಲೇ ಹೋದ. ಇಳಿಜಾರಿನಲ್ಲಿ ಮುಂದಿನ ವಾಹನ ನಿಂತಿತೆಂದು ಅವನೂ ನಿಂತ. ಹಿಂದಿನ ಲಾರಿ ನಿಲ್ಲಲಿಲ್ಲ. ಅವನು ನಿಂತದ್ದೇ ಗೊತ್ತಾಗಲಿಲ್ಲ ಎಂದು ಲಾರಿಯವನು ರಸ್ತೆಯ ಮೇಲೆ ಕೂತು ಅತ್ತನಂತೆ.

ತಮ್ಮ ಆಸ್ಪತ್ರೆಯ ಮಂಚ ಸೇರುವ ಮೊದಲೇ ಅವನ ಗಾಡಿ ಅಂಗಳ ಸೇರಿತ್ತು. ಇಸ್ತ್ರಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಸ್ವತಃ ತನ್ನ ಕೈಯಿಂದ ಪ್ಲಗ್ಗು ಸಿಕ್ಕಿಸುವುದನ್ನು ಪೈಪಕ್ಕ ನೋಡಿದಳು. ಅವನ ಶರಟಿನ ಗೆರೆ ಮುರಿದದ್ದು ಅವಳು ಕಂಡಂತೆ ಅದೊಂದೇ ದಿನ. ಗಾಡಿ ಸರಿಯಿತ್ತು ಎಂದಾದರೆ ತಪ್ಪು ಓಡಿಸಿದವನದು. ಔಷಧಿಯ ಖರ್ಚೂ ಅವನದೇ, ಆಮೇಲಿನ ಬದುಕೂ ಅವನದೇ. ಸೊಂಟದ ಕೆಳಗೆ ಅವನಿಗೆ ಏನು ಮುಟ್ಟಿದರೂ ತಿಳಿಯುತ್ತಿರಲಿಲ್ಲ. ಅವಳು ಹೋದಾಗಲೆಲ್ಲ ಮೂಗಿ ಹೇಗಿದಾಳೆ ಎಂದಷ್ಟೇ ಕೇಳುತ್ತಿದ್ದ. ಪ್ಲಗ್ಗಿನ ಮಾತು ಇಬ್ಬರೂ ಎತ್ತಲಿಲ್ಲ.

ಸಾಹೇಬರು ಕಾರಿನಿಂದ ಇಳಿದವರೇ ಕೆಸರಿಗೆ ಕಾಲಿಟ್ಟರು. ಅಂಗಳದ ಒಡೆಯರೇ ಕೆಸರಿಗೆ ಬಿದ್ದಂತೆ ಇಸ್ತ್ರಿ ಕಂಗಾಲಾದ. ಕುರ್ಚಿ ಬಂತು, ನೀರು ಬಂತು. ಗೇಟಿನ ಬಳಿ ಹುಡುಗರು ಚೀಲ ಹೆಗಲಿಗೇರಿಸಿ ಕಾಯುತ್ತಿದ್ದರು. ಸಾಹೇಬರು ಹೋಗುವ ತನಕ ಒಂದು ಗಾಡಿಯೂ ಕದಲುವಂತಿರಲಿಲ್ಲ.

"ಸಾಹೇಬ್ರ ಶೂ ಕಾಣ್ಸಲ್ವೇನೇ? ಪೈಪು ಬೇಡ, ಒಳಗೆ ನೀರು ಹೋಗುತ್ತೆ. ಕೈಲಿ ಒರೆಸು."

ಅವಳು ಒದ್ದೆ ಬಟ್ಟೆ ಹಿಡಿದು ಅವರ ಮುಂದೆ ಕೂತಳು. ಸಾಹೇಬರು ಫೋನಿನಿಂದ ಕಣ್ಣೆತ್ತಲಿಲ್ಲ. ಒಂದು ಶೂ ಮುಗಿದಾಗ ಯಾರೂ ಹೇಳದೆಯೇ ಇನ್ನೊಂದು ಕಾಲು ಮುಂದೆ ಚಾಚಿದರು. ಅಷ್ಟರಲ್ಲಿ ಇಸ್ತ್ರಿ ಮೂಲೆಯಲ್ಲಿದ್ದ ತಮ್ಮನ ಗಾಡಿಯ ಮೇಲಿನ ಟಾರ್ಪಾಲು ಸರಿಸಿ ಬ್ರೇಕ್ ಹಿಡಿದ. ಸೊಟ್ಟಗಾದ ಹಿಂಬದಿಯಲ್ಲಿ ಉಳಿದಿದ್ದ ಅರ್ಧ ದೀಪ ಕೆಂಪಗೆ ಹತ್ತಿತು. ಸಾಹೇಬರು ಕುರ್ಚಿಯಿಂದಲೇ ನೋಡಿ ತಲೆಯಾಡಿಸಿದರು. ಆಮೇಲೆ, ಕಾಲು ಅವಳ ಅಂಗೈಯಲ್ಲಿರುವಾಗಲೇ, ಅವಳ ತಲೆಯ ಮೇಲಿನಿಂದ ಕೇಳಿದರು.

"ಅವತ್ತು ಹೊರಡೋವಾಗ್ಲೂ ಹೀಗೇ ಹತ್ತುತ್ತಿತ್ತೇನಮ್ಮ?"

ಹೌದು ಸಾರ್, ಇವಳೇ ನೋಡಿ ಕಳಿಸಿದ್ದು ಎಂದು ಇಸ್ತ್ರಿ ಬಾಯಿ ಹಾಕಿದ. ಅವಳೇ ಹೇಳಲಿ ಎಂದರು ಸಾಹೇಬರು, ಬೇಗ ಮುಗಿಯಲಿ ಎನ್ನುವ ದನಿಯಲ್ಲಿ.

ಪೈಪಕ್ಕ ಅವರ ಕಾಲನ್ನು ಮೆಲ್ಲನೆ ಕೆಸರಿಗೇ ಇಳಿಸಿದಳು. ಎದ್ದು ನಿಂತಳು. ಹೌದು ಎಂದರೆ ಕೆಲಸ ಉಳಿಯುತ್ತದೆ, ಮಗಳ ಶಾಲೆ ಉಳಿಯುತ್ತದೆ. ತಮ್ಮನಿಗೆ ಮಾತ್ರ ಏನೂ ಉಳಿಯುವುದಿಲ್ಲ. ಹೌದು ಎನ್ನಲೆಂದೇ ಬಾಯಿ ತೆರೆದಳು. ಕಣ್ಣು ಸಾಲಿನ ಹಿಂದೆ ನಿಂತ ಮಗಳ ಮೇಲೆ ಬಿತ್ತು.

"ಅದೊಂದು ಗಾಡಿ ನೋಡಿದ್ರಲ್ಲ ಸಾಹೇಬ್ರೆ," ಎಂದಳು. "ಈಗ ಹೊರಡೋ ಗಾಡಿಗಳ್ನೂ ಒಂಚೂರು ನೋಡ್ಬಿಡಿ. ಪುಟ್ಟೀ, ಹಿಂದೆ ನಿಂತ್ಕೋಮ್ಮ."

ಸಾಲಿನ ಮೊದಲನೆಯ ಗಾಡಿಯ ಬ್ರೇಕ್ ಅದುಮಿದಳು. ಮಗಳು ಸುಮ್ಮನಿದ್ದಳು. ಎರಡನೆಯದನ್ನು ಅದುಮಿದಳು. ಮಗಳು ಸುಮ್ಮನಿದ್ದಳು. ದೀಪ ಹತ್ತಿದರೆ ಇವಳು ಹೂಂ ಅನ್ನುತ್ತಾಳೆ, ಹತ್ತದಿದ್ದರೆ ಬಾಯಿ ಬಿಡುವುದಿಲ್ಲ ಎಂದು ಸಾಹೇಬರಿಗೆ ಬಿಡಿಸಿ ಹೇಳಿದಳು. ಅವರು ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ಬಂದು ಮಗುವಿನ ಪಕ್ಕ ನಿಂತರು. ಚಾರ್ಜು ಕಮ್ಮಿಯಿರಬೇಕು ಸಾರ್, ಬಲ್ಬು ಹೋಗಿರಬೇಕು ಸಾರ್ ಎನ್ನುತ್ತ ಇಸ್ತ್ರಿ ಅವರ ಹಿಂದೆಯೇ ಸುತ್ತಿದ. ಒಂದೂ ಹತ್ತಲಿಲ್ಲ.

ಆಗ ಅವಳು ಹಿಂದಕ್ಕೆ ಬಂದು ಮೊದಲ ಗಾಡಿಯ ಮುಚ್ಚಳ ತೆಗೆದು ಪ್ಲಗ್ಗು ಸಿಕ್ಕಿಸಿದಳು. ಬ್ರೇಕ್ ಹಿಡಿದಳು.

"ಹೂಂ," ಎಂದಳು ಮಗಳು. ಬಹಳ ದಿನದ ಮೇಲೆ ಬಂದ ಆ ದನಿ ಒಡಕಾಗಿತ್ತು.

ಅದರ ಪಕ್ಕದ್ದು, ಅದರ ಪಕ್ಕದ್ದು. ಕೆಲವು ದೀಪಗಳು ಬ್ರೇಕ್ ಹಿಡಿದಾಗ ಹತ್ತಿ, ಬಿಟ್ಟಾಗ ಆರಿದವು. ಈಗಷ್ಟೇ ನೀರು ಕುಡಿದಿದ್ದ ಗಾಡಿಗಳ ದೀಪಗಳು ಯಾರೂ ಮುಟ್ಟದೆಯೇ ಹತ್ತಿಕೊಂಡು ಹಾಗೆಯೇ ಉರಿಯತೊಡಗಿದವು. ಸಾಲಿನ ಅರ್ಧಕ್ಕರ್ಧ ಕೆಂಪಾಯಿತು. ಹೊತ್ತಾಗುತ್ತಿದೆಯೆಂದು ಹುಡುಗನೊಬ್ಬ ಓಡಿ ಬಂದು ತನ್ನ ಗಾಡಿ ಹತ್ತಿ ತಿರುವಿದ. ಅದು ಕದಲಲಿಲ್ಲ.

"ಲೇ ಇಸ್ತ್ರಿ, ಬೋಳಿಮಗನೆ," ಎಂದು ಗೇಟಿನಿಂದ ಒಬ್ಬ ಗಂಟಲೇರಿಸಿದ, "ಬೆನ್ನಿಗೆ ದೀಪ ಇಲ್ದೆ ನಮ್ಮನ್ನ ಲಾರಿ ಬಾಯಿಗೆ ತಳ್ತಿದ್ಯೇನೋ?"

ಗೊತ್ತೇ ಇಲ್ಲದವನಂತೆ ಕೂಗಿದ. ಪೈಪಕ್ಕನ ಕೈ ಬಿಡುವಿಲ್ಲದಾಗ ತನ್ನ ಪ್ಲಗ್ಗನ್ನು ತಾನೇ ಕಿತ್ತುಕೊಂಡು ಹೋದವನು ಅವನು. ಉಳಿದವರು ನೆಲ ನೋಡಿದರು.

ಇಸ್ತ್ರಿಯ ಮುಖದಲ್ಲಿ ರಕ್ತ ಇಂಗಿ, ಮತ್ತೆ ತುಂಬಿಕೊಂಡಿತು. ಅವನು ಸಾಹೇಬರ ಕಡೆ ತಿರುಗಿದ.

"ನೋಡಿ ಸಾರ್, ಎಂಥ ಮುಂಡೇದು. ಪ್ಲಗ್ಗೆಲ್ಲ ಕಿತ್ತಿರೋಳು ಇವ್ಳೇ. ಕ್ಯಾಮೆರಾ ರೆಕಾರ್ಡಿಂಗ್ ಹಾಕ್ಸಿ ನೋಡಿ ಬೇಕಾದ್ರೆ. ದಿನಾ ಇವಳ ಕೈಯೇ. ನಮಗೆ ಹೇಗೆ ಗೊತ್ತಾಗುತ್ತೆ ಹೇಳಿ?"

ಸಾಹೇಬರ ಮುಖ ಹಗುರಾಯಿತು. ಅಂದರೆ ತೊಳೆಯುವವಳ ತಪ್ಪು ಎಂದರು. ಅವರಿಗೆ ಊಟದ ಹೊತ್ತಿಗೆ ಇನ್ನೆಲ್ಲಿಗೋ ಹೋಗಬೇಕಿತ್ತು.

"ಕಿತ್ತಿದ್ದು ನನ್ನ ಕೈ ಸಾಹೇಬ್ರೆ, ಇಲ್ಲ ಅನ್ನಲ್ಲ," ಎಂದಳು ಪೈಪಕ್ಕ. ದನಿ ಏರಿಸಲಿಲ್ಲ. "ಕೀಳು ಅಂದಿದ್ದು ಇವನ ಬಾಯಿ. ತಮ್ಮ ಬಿದ್ದ ದಿನ ವಾಪಸ್ ಸಿಕ್ಸಿದ್ದು ಇವನ ಕೈ. ಅದೂ ಕ್ಯಾಮೆರಾದಲ್ಲಿ ಇರುತ್ತೆ, ಅದನ್ನೂ ಹಾಕಿಸ್ಕೊಂಡು ನೋಡಿ."

ಸಾಹೇಬರು ಗೋಡೆಯ ಕಡೆ ನೋಡಿ, ಇಸ್ತ್ರಿಯನ್ನು ನೋಡಿ, ಕೊನೆಗೆ ತಮ್ಮ ಶೂ ನೋಡಿಕೊಂಡರು. ಇಸ್ತ್ರಿ ಅವಳ ರಟ್ಟೆ ಹಿಡಿದು ಗೇಟಿನ ಕಡೆ ಜಗ್ಗಿದ. ಗಾಡಿಗಳು ಹೊರಡಬೇಕು, ಮೊದಲು ಎಲ್ಲ ಪ್ಲಗ್ಗು ಕಿತ್ತುಹಾಕಿ ಆಮೇಲೆ ಹಾಳಾಗಿ ಹೋಗು ಎಂದು ಹಲ್ಲು ಕಡಿದ. ಅವಳು ಕೈ ಕೊಡವಿಕೊಂಡಳು.

"ನಾನು ಕೀಳಲ್ಲ. ಬೇಕಿದ್ರೆ ನೀನೇ ಕುಕ್ಕರುಗಾಲಲ್ಲಿ ಕೂತು ಕೀಳೋ."

ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಹುಡುಗರಲ್ಲಿ ಯಾರೂ ಮುಂದೆ ಬಂದು ಪ್ಲಗ್ಗು ಕೀಳಲಿಲ್ಲ, ಯಾರೂ ಅವಳ ಪಕ್ಕಕ್ಕೂ ಬರಲಿಲ್ಲ. ಪೈಪಿನ ನೀರು ಒಂದೇ ಸಮನೆ ಹರಿದು ಕೆಂಪು ದೀಪಗಳ ಕೆಳಗೆ ಕೆರೆಯಾಗುತ್ತಿತ್ತು. ಅಂಗಳ ಬಿಡುವುದೆಂದು ಪೈಪಕ್ಕ ಮಗಳಿಗಾಗಿ ಕೈ ಚಾಚಿದಳು.

ಮಗಳು ಸಾಲಿನ ಹಿಂದಿನಿಂದ ಬಂದಳು. ನೀರಿನಲ್ಲಿ ಪಚಪಚ ಹೆಜ್ಜೆ ಹಾಕುತ್ತ ಇಸ್ತ್ರಿಯನ್ನು ದಾಟಿದಳು, ಸಾಹೇಬರನ್ನು ದಾಟಿದಳು, ಅಮ್ಮನ ಎದುರು ಬಂದು ನಿಂತಳು. ಚಾಚಿದ ಕೈಯನ್ನು ಹಿಡಿಯಲಿಲ್ಲ. ಬೆಳಿಗ್ಗೆಯಂತೆ ಬಾಯಿ ತೆರೆದಳು. ಈ ಸಲ ಮುಚ್ಚಿಕೊಳ್ಳಲಿಲ್ಲ.

"ಅಮ್ಮಾ, ಅವತ್ತು ಮಾಮ ಬ್ರೇಕ್ ಹಿಡಿದಾಗ ನಾನು ಹೂಂ ಅನ್ಲಿಲ್ವಲ್ಲ. ನಿಂಗೆ ಗೊತ್ತಾಯ್ತು ತಾನೇ? ಮತ್ಯಾಕಮ್ಮ ಮಾಮನ್ನ ಹೋಗೋಕೆ ಬಿಟ್ಟೆ?"