ಆಚೆ ಕಡೆಯ ಕೋಳಿಗಳು

"ಇನ್ನೊಂದು ಸಲ ತೂಗಿ," ಎಂದಳು ಸೊಸೆ. ದನಿ ಆಗಲೇ ಏರಿತ್ತು.

ಕಂಪನಿಯ ಡಾಕ್ಟರ್ ಮುಖ ಸಿಂಡರಿಸಿಕೊಂಡೇ ತೂಗಿದ. ಬಲಗಡೆಯಿಂದ ಹಿಡಿದು ತಂದ ಕೋಳಿಗಳು, ಆಮೇಲೆ ಎಡಗಡೆಯವು. ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿದರೆ ತಕ್ಕಡಿಯ ಮುಳ್ಳು ಎರಡು ಸಲವೂ ಹೋಗಿ ಒಂದೇ ಜಾಗದಲ್ಲಿ ನಿಂತಿತು. ಕೂದಲೆಳೆಯಷ್ಟೂ ಕದಲಲಿಲ್ಲ, ಹಾಳಾದ್ದು.

ಬ್ರಾಯ್ಲರ್ ಶೆಡ್ಡಿನ ನಡುವೆ ಮೊಣಕಾಲೆತ್ತರದ ತಂತಿಬಲೆ ಎಳೆದು ಎರಡು ಪಾಲು ಮಾಡಿದ್ದು ಇದನ್ನು ನೋಡುವುದಕ್ಕಾ? ಮರಿ, ಮೇವು ಎಲ್ಲ ಕಂಪನಿಯದೇ, ಸಾಕಿಕೊಡುವುದಷ್ಟೇ ಇವರ ಕೆಲಸ. ಎರಡೂ ಕಡೆಗೆ ಒಂದೇ ಮೇವು, ಒಂದೇ ನೀರು. ಬಲಗಡೆಗೆ ಮಾತ್ರ ಸೊಸೆಯ ಪುಡಿ. ಬೆಳ್ಳುಳ್ಳಿ, ಅರಿಶಿನ, ಓಮ, ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪು. ಬಲಗಡೆಯವು ಹೆಚ್ಚು ತೂಗಿದರೆ ಕಂಪನಿ ತನ್ನ ಎಲ್ಲ ಶೆಡ್ಡುಗಳಿಗೂ ಅದನ್ನೇ ಹಾಕಿಸುತ್ತದೆ, ಮಾಡಿಕೊಡುವವಳು ಇವಳೇ. ಕಂಪನಿ ಕಳಿಸುವ, ನೀರಿಗೆ ಕದಡುವ ಆ ಘಾಟು ಔಷಧಿಗೆ ಆಮೇಲೆ ದೊಡ್ಡ ನಮಸ್ಕಾರ. ಡಾಕ್ಟರನ ಬೆನ್ನು ಹತ್ತಿ, ಕಾಡಿ ಬೇಡಿ, ಬೈಸಿಕೊಂಡು ಗಿಟ್ಟಿಸಿದ್ದ ಅವಕಾಶ ಅದು.

"ನೋಡಮ್ಮ, ಪುಡಿ ತಿಂದದ್ದೂ ಅಷ್ಟೇ, ತಿನ್ನದ್ದೂ ಅಷ್ಟೇ. ಮಿಕ್ಕಿದ್ದನ್ನ ಅಡುಗೆಗೆ ಹಾಕ್ಕೊಳ್ಳಿ."

"ಎರಡೂ ಕಡೆಯವು ಈ ರಸ್ತೆಯ ಯಾವ ಶೆಡ್ಡಿನ ಕೋಳಿಗಿಂತಲೂ ಜಾಸ್ತಿ ತೂಗ್ತಿವೆಯಲ್ಲ, ಅದಕ್ಕೇನಂತೀರಿ?"

"ಗಾಳಿ ಚೆನ್ನಾಗಿತ್ತು ಅಂತೀನಿ."

ಗಾಳಿಯಂತೆ ಗಾಳಿ! ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದಳೋ ಏನೋ, ಅಷ್ಟರಲ್ಲಿ ಎಡಗಡೆಯ ಪಾಲಿನಲ್ಲಿ ನೀರಿನ ಬೋಗುಣಿ ತೊಳೆಯುತ್ತಿದ್ದ ಅತ್ತೆ ಮುಖವರಳಿಸಿಕೊಂಡು ಎದ್ದು ನಿಂತಳು.

"ಸಮಸಮ ಬಂತಾ? ಬರದೆ ಏನು. ಇವಕ್ಕೆ ನಾನೇ ಕೈಯಾರೆ ಹಾಕಿದ್ದೀನಿ."

"ಏನು ಹಾಕಿದ್ರಿ?"

"ಪುಡಿ ಕಣೇ. ನೀನು ಆ ಕಡೆ ಹಾಕಿ ಹೋಗಿಬಿಡ್ತಿದ್ದೆ. ಈ ಕಡೆಯವು ವಾಸನೆಗೆ ತಂತಿಯೊಳಗೆ ಕೊಕ್ಕು ತೂರಿಸ್ಕೊಂಡು ನಿಲ್ತಿದ್ವು. ಪಂಕ್ತಿಭೇದ ಮಾಡ್ತಿದ್ರೆ ಕಣ್ಣಾರೆ ನೋಡ್ಕೊಂಡು ಸುಮ್ಮನಿರೋಕಾಗುತ್ತಾ? ಬೇರೆ ಕುಟ್ಟಿ ಡಬ್ಬದಲ್ಲಿಟ್ಕೊಂಡಿದ್ದೆ. ದಿನಾ ಇವಕ್ಕೂ ಕಲೆಸಿ ಹಾಕ್ತಿದ್ದೆ."

ಡಾಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸೊಸೆ ಅವನ ಹಿಂದೆ ಜೀಪಿನವರೆಗೂ ಓಡಿದಳು.

"ಕೇಳಿದ್ರಲ್ಲ! ಎಲ್ಲವೂ ಪುಡಿ ತಿಂದಿವೆ, ಅದಕ್ಕೇ ಎಲ್ಲವೂ ಬೆಳೆದಿವೆ! ಇನ್ನೊಂದು ಬ್ಯಾಚಿಗೆ ಬಿಡಿ."

"ನಿಮ್ಮ ಅತ್ತೆ-ಸೊಸೆ ಎಡವಟ್ಟನ್ನ ಕಂಪನಿಗೆ ಏನಂತ ಹೇಳಲಿ? ಒಂದು ಸಲ ಅಂದ್ರೆ ಒಂದೇ ಸಲ. ಮುಂದಿನ ಮರಿಗಳ ಜೊತೆ ಔಷಧಿನೂ ಬರುತ್ತೆ, ತೆಪ್ಪಗೆ ನೀರಿಗೆ ಹಾಕಿ."

ಜೀಪು ಹೋಯಿತು. ಅವಳು ಬಿರಬಿರನೆ ಶೆಡ್ಡಿಗೆ ವಾಪಸು ಬಂದಳು.

ಅತ್ತೆಗೆ ಆಗಲೂ ಅರ್ಥವಾಗಿರಲಿಲ್ಲ. "ಯಾಕೆ ಹಾಗೆ ನೋಡ್ತೀಯ? ಬಾಯಿಲ್ಲದ ಜೀವಗಳು ಕಣೇ..."

"ನನಗೆ ಬಾಯಿತ್ತಲ್ಲ!"

ಕೋಳಿಗಳೆಲ್ಲ ಬೆಚ್ಚಿ ಮೂಲೆಗೆ ನುಗ್ಗಿದವು.

"ಬಾಣಂತಿಗೆ ಕೊಡೋ ಈ ಪುಡಿ ನನಗೆ ಯಾರು ಹೇಳಿಕೊಟ್ರು? ನೀವಾ? ನಿಮ್ಮ ಮಗಳೂ ನಾನೂ ಒಂದೇ ತಿಂಗಳಲ್ಲಿ ಹೆತ್ವಿ, ಇದೇ ಮನೇಲಿ. ಅವಳ ಕೋಣೆಗೆ ಹಾಲಲ್ಲಿ ಕಲೆಸಿ ಬಟ್ಟಲು ಬಟ್ಟಲು ಹೋಗ್ತಿತ್ತು. ನಾನು ಗೋಡೆಯ ಈಚೆ ಮಲಗಿ ಮೂಗಿನಲ್ಲೇ ಕಲಿತೆ, ಯಾವುದನ್ನ ಮೊದಲು ಹುರೀತೀರಿ, ಯಾವುದನ್ನ ಆಮೇಲೆ ಹಾಕ್ತೀರಿ ಅಂತ. ನನಗೂ ಒಂದು ಚಮಚ ಕೊಡಿ ಅತ್ತೆ, ಮಗುಗೆ ಹಾಲು ಸಾಲ್ತಿಲ್ಲ ಅಂತ ಕೇಳಿದ್ರೆ ಏನಂದ್ರಿ? 'ನಿನ್ನ ತೌರಿಂದ ತರಿಸ್ಕೋ' ಅಂದ್ರಿ. ಅವತ್ತು ಎಲ್ಲಿ ಹೋಗಿತ್ತು ಈ ಪಂಕ್ತಿಭೇದ? ಕೋಳಿಗಿಂತ ಕಡೆಯಾಗಿ ಹೋದ್ನಾ ನಾನು?"



ಸೊಸೆ ಬಗ್ಗಿ ತಂತಿಬಲೆಯನ್ನು ಎರಡು ಕೈಯಲ್ಲೂ ಹಿಡಿದು ಎಳೆದಳು. ಗೂಟಗಳು ಕಿತ್ತುಬಂದವು, ಅಂಗೈ ಗೀರಿತು, ಅವಳು ಬಿಡಲಿಲ್ಲ. ಗೋಡೆಯಿಂದ ಗೋಡೆಯವರೆಗೂ ಕಿತ್ತು, ಮುದ್ದೆ ಮಾಡಿ ಬಾಗಿಲ ಹೊರಗೆ ಎಸೆದು ಬಂದು ಏದುಸಿರು ಬಿಡುತ್ತ ನಿಂತಳು. ನೆಲಕ್ಕೆ ಹಾಸಿದ್ದ ಹೊಟ್ಟಿನ ಮೇಲೆ ತಂತಿ ಇದ್ದ ಗೆರೆ ಹಾಗೇ ಉಳಿದಿತ್ತು. ಒಂದು ಕೋಳಿಯೂ ಅದನ್ನು ದಾಟಲಿಲ್ಲ.

ಆಚೆ ಕಡೆ ಅತ್ತೆ ಗೋಡೆಯ ಗೂಡಿನಿಂದ ಪುಡಿಯ ಡಬ್ಬ ತೆಗೆದುಕೊಂಡಳು. ಮೆಲ್ಲಗೆ ಗೆರೆಯವರೆಗೆ ಬಂದಳು. ಅಲ್ಲಿ ಸೀರೆಯ ನೆರಿಗೆ ಹಿಡಿದು, ತಂತಿ ಇದ್ದಾಗ ಎತ್ತುತ್ತಿದ್ದಷ್ಟೇ ಎತ್ತರಕ್ಕೆ ಒಂದೊಂದೇ ಕಾಲೆತ್ತಿ ದಾಟಿದಳು. ದಾಟಿ ಬಂದು ಡಬ್ಬ ಮುಂದೆ ಹಿಡಿದಳು.

ಸೊಸೆ ಕೈ ಚಾಚಲಿಲ್ಲ.