ಎಚ್ ಗುಂಪಿನ ಭವಿಷ್ಯ

ಉಣ್ಣೀನನ ಮೀಸೆಗೆ ಮೂವತ್ತೊಂದು ವರ್ಷ ಕತ್ತರಿ ಹಿಡಿದವನು ನಾನು. ಅದನ್ನು ಅರ್ಧ ಬೋಳಿಸುವ ಹಕ್ಕು ಈ ಊರಲ್ಲಿ ಯಾರಿಗಾದರೂ ಇದ್ದರೆ ನನಗೊಬ್ಬನಿಗೇ ಎಂದು ಆ ದಿನಗಳಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ತಿರುಗುತ್ತಿದ್ದೆ.

ಅರೀಕೋಡಿನಿಂದ ನಾಲ್ಕು ಮೈಲಿ ಈಚೆಗೆ, ಕಾಂಜಿರಪಾಡದ ಪೇಟೆಯಲ್ಲಿ ನನ್ನ ಕ್ಷೌರದಂಗಡಿ. ಫುಟ್ಬಾಲ್ ವಿಶ್ವಕಪ್ ಬಂತೆಂದರೆ ಹೊಳೆಯ ನಡುವೆ ಆಟಗಾರರ ಕಟೌಟು ನಿಲ್ಲಿಸುವುದು ಹುಡುಗರ ಕೆಲಸ. ಯಾವ ಗುಂಪಿನಿಂದ ಯಾರು ಮುಂದೆ ಹೋಗುತ್ತಾರೆ, ಯಾರು ಗಂಟುಮೂಟೆ ಕಟ್ಟುತ್ತಾರೆ ಎಂದು ಹೇಳುವುದು ನನ್ನ ಕೆಲಸ. ಆಟ ಶುರುವಾಗುವ ಹಿಂದಿನ ಸಂಜೆ, ಮಗ್ರಿಬ್ ನಮಾಜು ಮುಗಿದ ಕೂಡಲೇ ಜನ ಅಂಗಡಿ ತುಂಬುತ್ತಾರೆ. ನಾನು ಸೋಪಿನ ಬ್ರಷ್ಷಿನಿಂದ ದೊಡ್ಡ ಕನ್ನಡಿಯ ಮೇಲೆ ಒಂದೊಂದೇ ಗುಂಪು ಬರೆದು ಪ್ರತಿ ತಂಡದ ಜಾತಕ ಬಿಚ್ಚುತ್ತೇನೆ. ಅಭಿಮಾನಿಗಳು ಎದ್ದು ಜಗಳಕ್ಕೆ ಬರುತ್ತಾರೆ. ಕನ್ನಡಿಯ ಎದುರು ನಿಂತು 'ನನ್ನ ತಂಡ ಗುಂಪು ದಾಟುತ್ತೆ' ಎಂದವನ ತಂಡ ದಾಟದಿದ್ದರೆ, ಮರುದಿನವೇ ಅವನ ಅರ್ಧ ಮೀಸೆ ನನ್ನದು. ಉಳಿದರ್ಧವನ್ನು ಅವನು ಫೈನಲ್ ಮುಗಿಯುವವರೆಗೂ ಹೊತ್ತು ತಿರುಗಬೇಕು. ಮೀಸೆ ಇಲ್ಲದವನಿಗೆ ಹುಬ್ಬು. ಮೀನು ಮಾರುವ ಕೋಯಾಮು ಒಂದು ಸಲ ತಿಂಗಳಿಡೀ ಒಂದೇ ಹುಬ್ಬಿನಲ್ಲಿ ಮೀನು ಮಾರಿದ್ದಾನೆ. ಇದರಲ್ಲಿ ರಿಯಾಯಿತಿ ಅಂತ ಯಾರೂ ಕೇಳಿಲ್ಲ, ನಾನು ಕೊಟ್ಟೂ ಇಲ್ಲ.

ಉಣ್ಣೀನ್ ಮರದ ಮಿಲ್ಲಿನ ಯಜಮಾನ, ಹಿಂದೆ ಏಳೇಳು ಜನ ಆಡುವ ಸೆವೆನ್ಸ್ ಪಂದ್ಯಗಳಲ್ಲಿ ಹೆಸರಾಂತ ಡಿಫೆಂಡರ್. ಊರೆಲ್ಲ ಬ್ರೆಜಿಲ್, ಅರ್ಜೆಂಟೀನಾ ಎಂದು ಬಡಿದಾಡುವಾಗ ಇವನೊಬ್ಬ ಉರುಗ್ವೆ ಅನ್ನುತ್ತಿದ್ದ. ನಮ್ಮಲ್ಲಿ ಗಡ್ಡ ಬಿಟ್ಟು ಮೀಸೆ ತೆಗೆಸುವವರೇ ಹೆಚ್ಚು. ಇವನದು ಗಡ್ಡವಿಲ್ಲದ ಮುಖ, ಅದರ ನಡುವೆ ಸಬ್ ಇನ್ಸ್‌ಪೆಕ್ಟರನ ಹಾಗೆ ದಪ್ಪ ಮೀಸೆ.

ಆ ವರ್ಷದ ಮಳೆಗಾಲದಲ್ಲಿ ನಾನು ಅವನ ಮನೆಗೆ ಹೋಗಿದ್ದೆ. ನನ್ನ ಮಗ ಶಮೀಲ್ ಬಿಕಾಂ ಮುಗಿಸಿ ನನ್ನ ಪಕ್ಕದ ಕುರ್ಚಿಯಲ್ಲೇ ಕೆಲಸಕ್ಕೆ ನಿಂತವನು. ಅವನಿಗೂ ಉಣ್ಣೀನನ ಮಗಳು ನಸೀಹಾಗೂ ಕಾಲೇಜಿನ ದಿನಗಳಿಂದಲೂ ಮನಸ್ಸಿತ್ತು. ನಾವು ಒಸ್ಸಾನರು, ತಲೆತಲಾಂತರದ ಕ್ಷೌರದವರು. ಮಸೀದಿಯಲ್ಲಿ ಎಲ್ಲರ ಭುಜಕ್ಕೆ ಭುಜ ತಾಗಿಸಿ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ. ಹೆಣ್ಣು ಕೇಳುವಾಗ ಮಾತ್ರ ನಮ್ಮ ಸಾಲು ಬೇರೆ. ಕಾಲ ಬದಲಾಗಿದೆ ಎಂದು ನಂಬಿ ಒಂದು ಕಿಲೋ ಕೋಯಿಕ್ಕೋಡ್ ಹಲ್ವ ಹಿಡಿದು ಹೋದೆ. ಉಣ್ಣೀನ್ ಚಹಾ ಕೊಟ್ಟ, ಉಂಡೆಯ ಹಾಗಿದ್ದ ತುಪ್ಪದ ತಿಂಡಿ ಕೊಟ್ಟ, ಮಳೆಯ ಬಗ್ಗೆ ಮಾತಾಡಿದ. ಹೊರಡುವಾಗ ಜಗಲಿಯಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಬೀರಾನೇ, ನಿನ್ನ ಕೈ ನನ್ನ ಮುಖದ ಮೇಲಿರ್ಲಿ. ಮನೆ ಒಳಗೆ ಬೇಡ," ಎಂದ. ಹಲ್ವದ ಪೊಟ್ಟಣವನ್ನು ಹಾಗೇ ನನ್ನ ಕೈಗೆ ವಾಪಸು ಕೊಟ್ಟ.

ಇದನ್ನು ನಾನು ಶಮೀಲನಿಗೆ ಹೇಳಲಿಲ್ಲ. ಹುಡುಗಿಗೆ ಆಗಲೇ ಬೇರೆ ಕಡೆ ನಿಶ್ಚಯವಾಗಿದೆಯಂತೆ, ಅವರು ಬಹಳ ಬೇಸರ ಮಾಡಿಕೊಂಡರು ಎಂದೆ. ಅವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ವಿಧಿ ಎಂದುಕೊಂಡು ಸುಮ್ಮನಾದ. ಕತ್ತರಿ ಹಿಡಿದ ಕೈಯನ್ನು ಅವನು ಯಾವತ್ತೂ ಕೀಳಾಗಿ ಕಂಡವನಲ್ಲ, ಉಣ್ಣೀನ್ ಹಾಗೆ ಕಂಡ ಎಂಬ ಮಾತು ಅವನ ಕಿವಿಗೆ ಬೀಳಬಾರದು ಎಂಬುದಷ್ಟೇ ನನ್ನ ಆಸೆಯಾಗಿತ್ತು. ಮೂರು ತಿಂಗಳಲ್ಲಿ ನಸೀಹಾಗೆ ನಿಜವಾಗಿಯೇ ನಿಶ್ಚಯವಾಯಿತು. ಹುಡುಗ ಮಂಜೇರಿಯ ಕಡೆಯವನು, ನಿಖಾ ಡಿಸೆಂಬರ್ ನಾಲ್ಕರ ಭಾನುವಾರ. ಆಹ್ವಾನ ಪತ್ರಿಕೆ ನನಗೂ ಬಂತು. ಗುಂಪಿನ ಪಂದ್ಯಗಳ ಪಟ್ಟಿ ಪಕ್ಕದಲ್ಲಿಟ್ಟು ನೋಡಿದೆ. ಉರುಗ್ವೆಯ ಕೊನೆಯ ಪಂದ್ಯ ಡಿಸೆಂಬರ್ ಎರಡು, ಶುಕ್ರವಾರ. ದಾಟದಿದ್ದರೆ ಮೀಸೆ ಹೋಗುವುದು ಶನಿವಾರ, ನಿಖಾದ ಹಿಂದಿನ ದಿನ. ಅವತ್ತು ಮೊದಲ ಸಲ ನನಗೆ ನೆಮ್ಮದಿಯ ನಿದ್ದೆ ಬಂತು.

ಕನ್ನಡಿಯ ಸಂಜೆ ಎಚ್ ಗುಂಪನ್ನು ಕಡೆಗೆ ಇಟ್ಟುಕೊಂಡೆ. ಉಣ್ಣೀನ್ ಮುಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಪೋರ್ಚುಗಲ್," ಎಂದೆ. "ಹನ್ನೊಂದು ಜನಾನೂ ಒಳ್ಳೆ ಆಟಗಾರ್ರೇ. ಆದ್ರೆ ಮದುಮಗ ಒಬ್ನೇ. ಅವನ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ಳೋದ್ರಲ್ಲೇ ಉಳಿದೋರ ಅರ್ಧ ಆಟ ಮುಗಿಯುತ್ತೆ. ಆದ್ರೂ ಗುಂಪಲ್ಲಿ ಮೊದಲು ಬರೋದು ಇವ್ರೇ."

"ಕೊರಿಯಾ?" ಎಂದು ಕೋಯಾಮು ಕೇಳಿದ.

"ಇವ್ರಿಗೆ ದಣಿವು ಅನ್ನೋದೇ ಗೊತ್ತಿಲ್ಲ. ತೊಂಬತ್ತು ನಿಮಿಷ ಓಡಿ ಆಮೇಲೆ ಮನೆಗೂ ಓಡ್ಕೊಂಡೇ ಹೋಗ್ತಾರೆ. ಮುಖ್ಯ ಆಟಗಾರನ ಕಣ್ಣಿನ ಹತ್ರ ಮೂಳೆ ಮುರಿದಿದೆ, ಮುಖವಾಡ ಹಾಕ್ಕೊಂಡು ಬರ್ತಾನೆ. ಕೊನೇ ನಿಮಿಷದವರೆಗೂ ಇವ್ರನ್ನ ನಂಬ್ಬೇಡಿ. ಇನ್ನು ಘಾನಾ. ಇವ್ರು ಕಪ್ಪಿಗೆ ಬಂದಿಲ್ಲ ಕಣ್ರೋ, ಉರುಗ್ವೆನ ಹುಡುಕ್ಕೊಂಡು ಬಂದಿದಾರೆ. ಹನ್ನೆರಡು ವರ್ಷದ ಹಿಂದೆ ಗೋಲಿಗೆ ಹೋಗೋ ಚೆಂಡನ್ನ ಉರುಗ್ವೆಯವನೊಬ್ಬ ಕೈಯಲ್ಲಿ ತಡೆದ್ನಲ್ಲ, ಅದು ಇವ್ರ ಎದೇಲಿ ಇನ್ನೂ ಕೂತಿದೆ. ತಾವು ಸೋತ್ರೂ ಚಿಂತೆಯಿಲ್ಲ, ಅವ್ರನ್ನ ಮನೆಗೆ ಕಳಿಸಿಯೇ ಹೋಗೋದು."

ಘಾನಾದವರ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಬ್ರಷ್ಷನ್ನು ನೊರೆಯಲ್ಲಿ ಅದ್ದಿ ನಾಲ್ಕನೆಯ ಹೆಸರಿನ ಕೆಳಗೆ ಗೆರೆ ಎಳೆದೆ.

"ಉರುಗ್ವೆ. ಇದು ತಂಡ ಅಲ್ಲ, ಪೆನ್ಶನ್ ಆಫೀಸಿನ ಮುಂದಿನ ಸಾಲು. ಮುಂದೆ ಇಬ್ರು, ತಲಾ ಮೂವತ್ತೈದು. ಹಿಂದೆ ಒಬ್ಬ, ಮೂವತ್ತಾರು. ಹೆಸರು ದೊಡ್ಡದು, ಕಾಲು ಏಳಲ್ಲ. ಬಣ್ಣ ಹಚ್ಚಿದ ಮೀಸೆ ನೋಡಿದೀರಲ್ಲ? ದೂರದಿಂದ ಕರ್ರಗೆ ಮಿಂಚುತ್ತೆ. ಹತ್ರ ಬಂದ್ರೆ ಬುಡ ಎಲ್ಲ ಬಿಳಿ."

ಎಲ್ಲರ ಕಣ್ಣೂ ಉಣ್ಣೀನನ ಮೇಲ್ದುಟಿಗೆ ಹೋಯಿತು, ಗೊಳ್ಳೆಂದು ನಗು ಎದ್ದಿತು. ಒಂಬತ್ತು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಹಿಂದಿನ ಕೋಣೆಯಲ್ಲಿ ಪರದೆ ಎಳೆದು ನಾನು ಹಚ್ಚುತ್ತಿದ್ದ ಬಣ್ಣ ಅದು. ಅವನ ಹೆಂಡತಿಯನ್ನು ಬಿಟ್ಟರೆ ನನಗಷ್ಟೇ ಗೊತ್ತಿತ್ತು. ಗಿರಾಕಿಯ ಗುಟ್ಟು ಹೊರಗೆ ಹಾಕುವುದು ನಮ್ಮ ಕಸುಬಿನಲ್ಲಿ ಹೇಸಿಗೆಯ ಕೆಲಸ. ಹಾಕಿದೆ, ಖುಷಿಯಿಂದಲೇ ಹಾಕಿದೆ.

ಉಣ್ಣೀನ್ ಎದ್ದು ನಿಂತ. ಕೋಯಾಮು ಅವನ ಅಂಗಿ ಜಗ್ಗಿ, "ಉಣ್ಣೀಕಾ, ಮಗಳ ನಿಖಾ ಇಟ್ಕೊಂಡು ಇದೆಲ್ಲ ಯಾಕೆ? ಕೂತ್ಕೊಳ್ಳಿ," ಎಂದ.

"ಹೌದೌದು, ಅವ್ರನ್ನ ಬಿಟ್ಬಿಡಿ ಪಾಪ," ಎಂದೆ ನಾನು. "ಅವ್ರ ತಂಡದ ಮೇಲೆ ಅವ್ರಿಗೇ ನಂಬಿಕೆ ಇಲ್ಲ. ಮದುವೆ ಒಂದು ಒಳ್ಳೆ ನೆಪ."

ಅವನು ಸೀದಾ ಕನ್ನಡಿಯ ಮುಂದೆ ಬಂದ. "ಉರುಗ್ವೆ ದಾಟುತ್ತೆ. ದಾಟದಿದ್ರೆ ಅರ್ಧ ಮೀಸೆ ನಿಂದು. ದಾಟಿದ್ರೆ ನಿಂದೇನು?"

"ದಾಟಿದ್ರೆ ಸಾಯೋವರೆಗೂ ಫುಟ್ಬಾಲ್ ಬಗ್ಗೆ ಬಾಯಿ ಬಿಡಲ್ಲ."

ಇಲ್ಲಿ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಾನು ಲೆಕ್ಕ ಹಾಕಿದ್ದು ಹಾಗಲ್ಲ. ಪೋರ್ಚುಗಲ್ ಮೊದಲು, ಉರುಗ್ವೆ ಎರಡನೆಯದು ಎಂಬುದೇ ನನ್ನ ನಿಜವಾದ ಅಂದಾಜು. ಆ ಮುದುಕರು ಗುಂಪಿನ ಮಟ್ಟಿಗೆ ಸಾಕು ಎಂದು ನನಗೆ ಗೊತ್ತಿತ್ತು. ಐದು ವಿಶ್ವಕಪ್‌ಗಳಲ್ಲಿ ಕನ್ನಡಿಯ ಮೇಲೆ ಒಂದೂ ಸುಳ್ಳು ಬರೆದವನಲ್ಲ ನಾನು, ಅವತ್ತು ಬರೆದೆ. ಗೆಲ್ಲುವ ಭರವಸೆ ಹೆಚ್ಚಿರಲಿಲ್ಲ. ಆದರೂ ನೂರಕ್ಕೆ ಹತ್ತರಷ್ಟು ಸಾಧ್ಯತೆ ಇದ್ದರೂ ಬಿಡುವ ಮನಸ್ಸಾಗಲಿಲ್ಲ.

ಮೊದಲ ಪಂದ್ಯ ಕೊರಿಯಾದೊಡನೆ, ಗೋಲಿಲ್ಲದೆ ಮುಗಿಯಿತು. ಎರಡನೆಯದರಲ್ಲಿ ಪೋರ್ಚುಗಲ್ ಎರಡು ಗೋಲು ಹೊಡೆದು ಸೋಲಿಸಿತು. ಉಣ್ಣೀನ್ ಅಂಗಡಿಯ ಮುಂದೆ ಹಾಯುವಾಗ ತಲೆ ಎತ್ತಲಿಲ್ಲ. ಶುಕ್ರವಾರದ ಪಂದ್ಯಕ್ಕೆ ಸೆವೆನ್ಸ್ ಮೈದಾನದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಮದುವೆ ಮನೆಯ ಚಪ್ಪರದ ಕೆಲಸ ಬಿಟ್ಟು ಅವನೂ ಬಂದಿದ್ದ. ಘಾನಾದವರು ಪೆನಾಲ್ಟಿ ಹಾಳು ಮಾಡಿದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಉರುಗ್ವೆಯ ಎರಡು ಗೋಲು. ಉಣ್ಣೀನ್ ಲುಂಗಿ ಮೇಲೆ ಕಟ್ಟಿ, ಆ ಹೊಟ್ಟೆ ಹೊತ್ತುಕೊಂಡು ಕುಣಿದ. ನಾನು ಎದ್ದು ಗೋಲುಕಂಬದ ಹಿಂದೆ ಹೋಗಿ ಒಬ್ಬನೇ ನಿಂತೆ. ಇನ್ನು ಮುಂದೆ ಕನ್ನಡಿಯ ಮೇಲೆ ಏನೂ ಬರೆಯುವಂತಿಲ್ಲ.

ಅದೇ ಹೊತ್ತಿಗೆ ಕೊರಿಯಾ, ಪೋರ್ಚುಗಲ್ ಬೇರೆ ಮೈದಾನದಲ್ಲಿ ಆಡುತ್ತಿದ್ದರು. ಅದು ಕೋಯಾಮುವಿನ ಫೋನಿನಲ್ಲಿ ಓಡುತ್ತಿತ್ತು, ಒಂದೊಂದು ಗೋಲು, ಸಮ. ತೊಂಬತ್ತು ನಿಮಿಷ ದಾಟಿತು. ಕೋಯಾಮು ಕೂಗಿದ, "ಹೋಯ್ತು! ಕೊರಿಯಾ ಹೊಡೀತು!" ಈಗ ಕೊರಿಯಾಗೂ ಉರುಗ್ವೆಗೂ ಅಂಕ ಸಮ, ಗೋಲಿನ ವ್ಯತ್ಯಾಸ ಸಮ, ಹೊಡೆದ ಗೋಲಿನಲ್ಲಿ ಮಾತ್ರ ಕೊರಿಯಾ ಮುಂದೆ. ಉರುಗ್ವೆಗೆ ಇನ್ನೊಂದೇ ಒಂದು ಗೋಲು ಬೇಕಿತ್ತು. ಸಿಗಲಿಲ್ಲ. ಪರದೆಯಲ್ಲಿ ಗೆದ್ದವರು ಅಳುತ್ತ ನಿಂತರು, ಸೋತ ಘಾನಾದ ಬೆಂಬಲಿಗರು ಗ್ಯಾಲರಿಯಲ್ಲಿ ಕೂತು ಕೈ ಬಡಿದರು. ಉಣ್ಣೀನ್ ಅರ್ಥವಾಗದೆ ಒಬ್ಬೊಬ್ಬರ ಮುಖ ನೋಡುತ್ತಿದ್ದ. "ಗೆದ್ದಿದೀವಲ್ಲ? ಎರಡು ಸೊನ್ನೆ ಗೆದ್ದಿದೀವಲ್ಲ?" ಎಂದು ಮೂರು ಸಲ ಕೇಳಿದ.

ನಾನು ಹತ್ತಿರ ಹೋಗಿ, "ನಾಳೆ ನಾಲ್ಕು ಗಂಟೆಗೆ ಬನ್ನಿ ಇಕ್ಕಾ. ಕತ್ತಿ ಹೊಸದು ಹಾಕಿಡ್ತೀನಿ," ಎಂದೆ.

ಶನಿವಾರ ಬೆಳಿಗ್ಗೆ ಅಂಗಡಿ ಗುಡಿಸುತ್ತ ಶಮೀಲ್ ಬಾಯಿ ಬಿಟ್ಟ. "ಉಪ್ಪಾ, ಸೋಮವಾರ ಮಾಡಿ. ಎರಡು ದಿನ ತಡ ಆದ್ರೆ ಏನ್ ಮುಳುಗುತ್ತೆ?"

"ಎಲ್ರಿಗೂ ಮರುದಿನ. ಅವ್ರಿಗೂ ಮರುದಿನ."

"ನಿಖಾದಲ್ಲಿ ಅಳಿಯನ ಕೈ ಹಿಡಿದು ಕೂರ್ಬೇಕು ಅವ್ರು. ಮಂಜೇರಿಯೋರೆಲ್ಲ ನಗ್ತಾರೆ. ಅವಳು ಹೇಗೆ ತಡ್ಕೋತಾಳೆ?"

"ನಗ್ಲಿ ಬಿಡು."

"ಅವ್ರು ನಮಗೇನು ಮಾಡಿದಾರೆ ಉಪ್ಪಾ? ಮೊದ್ಲೇ ನಿಶ್ಚಯ ಆಗಿತ್ತು, ಅದು ಅವ್ರ ತಪ್ಪಾ? ಚಹಾ ಕೊಟ್ಟು ಮರ್ಯಾದೆಯಿಂದ ಕಳಿಸಿದ್ರು ಅಂತ ನೀವೇ ಹೇಳಿದ್ರಿ."

ನಾನು ಬ್ಲೇಡಿನ ಕಾಗದ ಬಿಚ್ಚುವುದರಲ್ಲಿ ಮುಳುಗಿದವನ ಹಾಗೆ ನಟಿಸಿದೆ. ಅವನ ಒಳ್ಳೆಯತನ ಕಂಡು ಉಣ್ಣೀನನ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು.

ನಾಲ್ಕಕ್ಕೆ ಸರಿಯಾಗಿ ಉಣ್ಣೀನ್ ಬಂದ, ಬಿಳಿ ಅಂಗಿ, ಇಸ್ತ್ರಿ ಮಾಡಿದ ಮುಂಡು. ಬಾಗಿಲ ತುಂಬ ಜನ, ಎಲ್ಲರ ಕೈಯಲ್ಲೂ ಫೋನು. ಅವನು ಯಾರನ್ನೂ ನೋಡದೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಐದು ನಿಮಿಷದ ಕೆಲಸವನ್ನು ನಾನು ಅರ್ಧ ಗಂಟೆಗೆ ಎಳೆದೆ. ಬಿಸಿ ಟವೆಲ್ ಎರಡು ಸಲ ಇಡಿಸಿದೆ. ಮೂಗಿನಿಂದ ಕೆಳಕ್ಕೆ ಬೆರಳಿಟ್ಟು ಗಡಿ ಗುರುತಿಸುತ್ತ, "ನಾಳೆ ಅಳಿಯನಿಗೆ ಯಾವ ಕಡೆ ತೋರಿಸ್ತೀರಿ ಇಕ್ಕಾ, ಉರುಗ್ವೆ ಕಡೆಯೋ ಘಾನಾ ಕಡೆಯೋ?" ಎಂದೆ. ಬಾಗಿಲಲ್ಲಿ ನಗು. ಅವನು ರೆಪ್ಪೆ ಅಲುಗಿಸಲಿಲ್ಲ. ಎಡಗಡೆಯ ಮೀಸೆ ಎರಡು ಎಳೆತಕ್ಕೆ ಬಿತ್ತು, ಕೆಳಗಿನ ಚರ್ಮ ಮಗುವಿನ ಚರ್ಮದ ಹಾಗೆ ಬಿಳಿಚಿಕೊಂಡಿತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನನಗೆ ಸಾಲಲಿಲ್ಲ. ಅವನ ಕಿವಿಯ ಹತ್ತಿರ ಬಗ್ಗಿ, "ನಿನ್ನ ಕೈ ನನ್ನ ಮುಖದ ಮೇಲಿರ್ಲಿ ಅಂದಿದ್ರಿ. ನೋಡಿ, ಅಲ್ಲೇ ಇದೆ," ಎಂದೆ.

ಉಣ್ಣೀನ್ ಕಣ್ಣು ತೆರೆದ. ಪಿಸುಮಾತಿಗೆ ಪಿಸುಮಾತಿನಲ್ಲಿ ಉತ್ತರ ಕೊಡುವ ಜಾಯಮಾನ ಅವನದಲ್ಲ. ಬಾಗಿಲಿನವರೆಗೂ ಕೇಳುವಂತೆ ಹೇಳಿದ: "ಇದಕ್ಕಾ ಇಷ್ಟೆಲ್ಲ? ಲೋ ಬೀರಾನೇ, ಅರ್ಧ ಮೀಸೆ ಒಂದು ತಿಂಗಳಲ್ಲಿ ಬೆಳೆಯುತ್ತೆ. ನಿನ್ನ ಮಗನಿಗೆ ನನ್ನ ಹುಡುಗೀನ ಕೊಟ್ಟಿದ್ರೆ ನನ್ನ ಮೊಮ್ಮಕ್ಕಳೂ ಒಸ್ಸಾನ್ರೇ. ಅದು ಯಾವ ಕತ್ತೀಲಿ ಹೋಗುತ್ತೆ ಹೇಳು? ಬೇಕಾದ್ರೆ ಪೂರ್ತಿ ತಲೆ ಬೋಳಿಸು. ಅವತ್ತು ನಿನ್ನನ್ನ ಬಾಗಿಲಿಂದ ವಾಪಸ್ ಕಳಿಸಿದ್ದಕ್ಕೆ ನಂಗೆ ಇವತ್ತೂ ಬೇಜಾರಿಲ್ಲ."

ಫೋನುಗಳೆಲ್ಲ ಎತ್ತಿದ ಹಾಗೇ ಇದ್ದವು. ಶಮೀಲ್ ಬಿಸಿನೀರಿನ ಪಾತ್ರೆ ಹಿಡಿದು ನನ್ನ ಹಿಂದೆಯೇ ನಿಂತಿದ್ದ. ಉಣ್ಣೀನ್ ಅವನನ್ನು ಕನ್ನಡಿಯಲ್ಲಿ ಕಂಡ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಇವನಿಗೆ ಹೇಳಿರ್ಲಿಲ್ವಾ ನೀನು?" ಎಂದು ನನ್ನನ್ನು ಕೇಳಿದ.

ನಾನು ಕತ್ತಿಯನ್ನು ಉಣ್ಣೀನನ ಮುಖದಿಂದ ಹಿಂದಕ್ಕೆ ತೆಗೆದೆ. ಗಡಿಯ ಅಂಚು ಇನ್ನೂ ಬಾಕಿಯಿತ್ತು, ಕತ್ತಿ ಇಟ್ಟರೆ ರಕ್ತ ಬರುವುದು ಖಂಡಿತ. ಶಮೀಲ್ ಪಾತ್ರೆಯನ್ನು ಕೆಳಗಿಟ್ಟ, ನನ್ನ ಕೈಯಿಂದ ಕತ್ತಿ ತೆಗೆದುಕೊಂಡ. ಬೆಳಿಗ್ಗೆ ಇದೇ ಮನುಷ್ಯನಿಗಾಗಿ ನನ್ನನ್ನು ಬೇಡಿಕೊಂಡವನು ಉಸಿರು ಬಿಗಿಹಿಡಿದು ಅಂಚನ್ನು ದಾರ ಹಿಡಿದಷ್ಟು ನೇರವಾಗಿ ತೀಡಿದ. ಪಟಿಕ ಉಜ್ಜಿದ. ಉಳಿದರ್ಧಕ್ಕೆ ಎಣ್ಣೆ ಹಚ್ಚಿ, ಬಾಚಿ, ತುದಿ ಮೇಲಕ್ಕೆ ತಿರುವಿದ. ಆಮೇಲೆ ಉಣ್ಣೀನನ ಗಲ್ಲ ಹಿಡಿದು ಮುಖವನ್ನು ಬಾಗಿಲಿನ ಕಡೆ ತಿರುಗಿಸಿದ.

"ಹತ್ರ ಬಂದು ತೆಗೀರಿ," ಎಂದ. "ಬೆಳಕು ಸಾಲ್ತಿದೆಯಾ? ಹುಡುಗನ ಮನೆಯೋರಿಗೆ ಇವತ್ತೇ ಕಳ್ಸಿ. ಅವಳಿಗೂ ಕಳ್ಸಿ. ನಂಬರು ಬರ್ಕೊಳ್ಳಿ."

ಯಾರೂ ನಗಲಿಲ್ಲ. ಕೋಯಾಮು ಫೋನು ಕೆಳಗಿಳಿಸಿದ. ಉಣ್ಣೀನನ ಗಲ್ಲ ಶಮೀಲನ ಬೆರಳುಗಳ ನಡುವೆ ಸಿಕ್ಕಿಕೊಂಡಿತ್ತು, ಅವನ ಕಣ್ಣಲ್ಲಿ ಮೊದಲ ಸಲ ನೀರು ಕಂಡೆ. ಮಳೆಗಾಲದಿಂದ ಅದನ್ನೇ ನೋಡಬೇಕೆಂದು ಹಂಬಲಿಸಿದ್ದೆ.

"ಸಾಕು ಮೋನೇ," ಎಂದೆ. "ಸಾಕು, ಬಿಟ್ಬಿಡು."

ಅವನು ನನ್ನ ಕಡೆ ತಿರುಗಲೂ ಇಲ್ಲ. ಅವಳ ನಂಬರನ್ನು ಒಂದೊಂದೇ ಅಂಕಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳತೊಡಗಿದ.