ಮೊದಲ ಪುಟದ ಜಗಳ

ಬೇಲೂರಿನ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ, ಟೈಲರ್ ಕಾಂತಮ್ಮನ ಅಂಗಡಿಗೆ ಅಂಟಿಕೊಂಡ ಕೋಣೆಯಲ್ಲಿ ಕೂತು ಮೇಘಶ್ರೀ ಸುತ್ತಲಿನವರ ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತಿದ್ದಳು. ಗೂಗಲ್‌ನಲ್ಲಿ ಹುಡುಕಿದವರಿಗೆ ಅವು ಮೊದಲ ಪುಟದಲ್ಲೇ ಕಾಣುವಂತೆ ಮಾಡುವುದು ಅವಳ ಕೆಲಸ. ಇದ್ದದ್ದನ್ನೇ ಚೆನ್ನಾಗಿ ಬರೆಯುತ್ತಿದ್ದಳು. ಹಗರೆಯ ಚಿದಂಬರನ ಹೋಂಸ್ಟೇಗೆ ಹೋಗುವ ದಾರಿ ಮಳೆಗಾಲದಲ್ಲಿ ಬರೀ ಕೆಸರು ಎಂದೂ ಬರೆದಿದ್ದಳು. ಅವನು ಮುಖ ಸಿಂಡರಿಸಿದ್ದ. ಆ ನೇರ ಮಾತನ್ನೇ ನಂಬಿ ಜನ ಬರತೊಡಗಿದ ಮೇಲೆ ಸುಮ್ಮನಾದ.

ಬಿಕ್ಕೋಡಿನ ಮಧುಕುಮಾರನಿಗೆ ಅದೇ ಹೊಟ್ಟೆಯುರಿ. ಅವನ ಹೋಂಸ್ಟೇಯ ಸೈಟಿನಲ್ಲಿ ಎಲ್ಲಿಂದಲೋ ಕದ್ದ ಈಜುಕೊಳದ ಫೋಟೊ, ದುಡ್ಡು ಕೊಟ್ಟು ಬರೆಸಿದ ಹೊಗಳಿಕೆ. ಬಂದವರು ಕೊಳ ಕಾಣದೆ ಬೈದುಕೊಂಡು ಹೋದರು. ಅವನ ಹೆಸರು ಹುಡುಕಿದರೂ ಸಿಗದಷ್ಟು ಕೆಳಗಿಳಿಯಿತು.

ಒಂದು ಮಧ್ಯಾಹ್ನ ಅವನು ನೇರ ಮೇಘಶ್ರೀಯ ಕೋಣೆಯೊಳಗೆ ಬಂದ.

"ನೋಡಮ್ಮಾ, ಚಿದಂಬರನ್ನ ಕೆಳಗೆ ಇಳಿಸ್ಬೇಕು. ರೂಮಲ್ಲಿ ಕ್ಯಾಮೆರಾ ಇಟ್ಟವ್ನೆ ಅಂತ ಬರಿ. ಬೇರೆ ಬೇರೆ ಹೆಸರಲ್ಲಿ ಬರಿ."

"ಅದು ಸುಳ್ಳಲ್ವಾ ಸಾರ್? ನಿಮ್ ತೋಟ ಚೆನ್ನಾಗೈತೆ. ಕೊಳದ ಫೋಟೊ ತೆಗ್ದು ತೋಟದ್ದು ಹಾಕಾಣ. ನಿಧಾನಕ್ಕೆ ಮೇಲೆ ಬತ್ತೀರಿ."

"ನಂಗೇ ಬುದ್ಧಿ ಹೇಳ್ತೀಯೇನೇ?"

ಅವನು ಮಾನಿಟರ್ ಎತ್ತಿ ಗೋಡೆಗೆ ಅಪ್ಪಳಿಸಿದ. ಮೇಘಶ್ರೀ ಲ್ಯಾಪ್‌ಟಾಪ್ ಮೇಲೆ ಬಲಗೈಯಿಟ್ಟಳು. ಅವನು ಬೀಸಿದ ಕಬ್ಬಿಣದ ಸ್ಟೂಲು ಆ ಕೈಯ ಮೇಲೇ ಬಿತ್ತು. ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಕೂಗುವ ಮೊದಲೇ ಅವನು ಜಡೆ ಹಿಡಿದು ಹಣೆಯನ್ನು ಮೇಜಿಗೆ ಜಜ್ಜಿದ. "ಬರೀತೀಯೋ ಇಲ್ವೋ?" ಮತ್ತೆ ಜಜ್ಜಿದ. ಕಣ್ಣಿಗೆ ರಕ್ತ ಇಳಿಯಿತು. ಸಿಕ್ಕಿದ ಅವನ ಮುಂಗೈಯನ್ನು ಅವಳು ಹಲ್ಲು ಇಳಿಯುವಷ್ಟು ಕಚ್ಚಿದಳು.

ಕಾಂತಮ್ಮ ಕಾದ ಇಸ್ತ್ರಿಪೆಟ್ಟಿಗೆ ಹಿಡಿದೇ ನುಗ್ಗಿದಳು, ಅವನ ಭುಜಕ್ಕೆ ಒತ್ತಿದಳು. ಅಂಗಿ, ಚರ್ಮ ಒಟ್ಟಿಗೆ ಸುಟ್ಟ ವಾಸನೆ. ಅವನು ಅರಚುತ್ತಾ ಬೀದಿಗೆ ಓಡಿದ. ಅಲ್ಲಿ ಆಟೋದವರು ಹಿಡಿದು ಬಾಯಲ್ಲಿ ರಕ್ತ ಬರುವಂತೆ ತುಳಿದರು. ಬಾಗಿಲಿಗೆ ಒರಗಿ ನೋಡುತ್ತಿದ್ದ ಮೇಘಶ್ರೀ ಸಾಕು ಅನ್ನಲಿಲ್ಲ. ಇನ್ನೂ ಹೊಡೆಯಲಿ ಅನ್ನಿಸಿತು. ಪೊಲೀಸರು ಬಂದು ಬಿಡಿಸಿದರು.

ಆಸ್ಪತ್ರೆಗೆ ಚಿದಂಬರ ಮೂಸಂಬಿ ಹಿಡಿದು ಬಂದ.

"ಇದೇ ಟೈಮು ಕಣಮ್ಮಾ. ಅವನ ಹೋಂಸ್ಟೇಲಿ ಕೊಲೆ ಆಗೈತೆ ಅಂತ ಹಾಕ್ಬಿಡು. ಯಾರೂ ನಿನ್ನ ತಪ್ಪು ಅನ್ನಲ್ಲ."

ಇವನ ಹೆಸರು ಉಳಿಸಲು ಹೋಗಿ ಬ್ಯಾಂಡೇಜು ಸುತ್ತಿಸಿಕೊಂಡ ಕೈ ಧಗಧಗ ಉರಿಯುತ್ತಿತ್ತು. ಮೂಸಂಬಿಯನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು.

"ಅವ್ನು ನಂಗೆ ಹೊಡ್ದಿದ್ದು ನಿಜ. ಅದಕ್ಕೆ ಕೇಸ್ ಆಗೈತೆ. ಅಲ್ಲಿ ಯಾರೂ ಸತ್ತಿಲ್ಲ ಚಿದಂಬರಣ್ಣ. ನಾನು ಬರಿಯಲ್ಲ."

ಅವನು ಎದ್ದುಹೋದ. ಆ ವಾರವೇ ತನ್ನ ಸೈಟನ್ನು ಹಾಸನದವರಿಗೆ ವಹಿಸಿದ.

ಮೇಘಶ್ರೀ ಕೋಣೆಯ ಬಾಗಿಲು ಮತ್ತೆ ತೆರೆದಳು. ಯಾರ ನೆರಳು ಬಿದ್ದರೂ ಬೆನ್ನು ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. ಮೊದಲು ಬಂದವಳು ಕಣಕಟ್ಟೆಯಲ್ಲಿ ತೆಂಗಿನ ಸಸಿ ಮಾರುವ ರಂಗಮ್ಮ.

"ನಮ್ ಸಸಿ ಎಲ್ಲಾ ಬದುಕ್ತವೆ ಅಂತ ಬರಿಯವ್ವಾ."

"ಎಲ್ಲಾ ಬದುಕ್ತಾವಾ?"

ರಂಗಮ್ಮ ಅವಳ ಹಣೆಯ ಹೊಲಿಗೆ ನೋಡಿದಳು. "ಇಲ್ಲ ಕಣವ್ವಾ. ಬೇಸಿಗೇಲಿ ನೀರು ಬಿಡದಿದ್ರೆ ಸಾಯ್ತವೆ."

ಎಡಗೈಯ ಒಂದೇ ಬೆರಳಿನಿಂದ, ಅಕ್ಷರ ಹುಡುಕುತ್ತಾ, ಮೇಘಶ್ರೀ ಅದನ್ನೇ ಟೈಪ್ ಮಾಡತೊಡಗಿದಳು.